ತಗಡಿಗೆ ಕಾಜಾ ಹಾಕುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವರ್ಕ್‌ಶಾಪುಗಳ ಓಣಿಯಲ್ಲಿ ಷಟರುಗಳೆಲ್ಲ ಮುಚ್ಚಿವೆ, ಒಂದೇ ಒಂದು ಮಾತ್ರ ಸೊಂಟದೆತ್ತರಕ್ಕೆ ಎದ್ದಿದೆ. ತಲೆ ತಗ್ಗಿಸಿ ಒಳಗೆ ಹೋದರೆ ಹೊಸ ಬಣ್ಣದ ವಾಸನೆ, ನಾಲ್ಕೂ ಕಡೆ ತಿಳಿನೀಲಿ ತಗಡಿನ ಗೋಡೆ. ಕರೆಂಟು ಇನ್ನೂ ಬಾರದ ಶೆಡ್ಡು ಇದು. ಪಕ್ಕದವರಿಂದ ಎಳೆದುಕೊಂಡ ಒಂದು ವೈರು, ಒಂದು ಬಲ್ಬು. ಅದರ ಕೆಳಗೆ ಅರವತ್ತರ ಹತ್ತಿರದ ಗಂಡಸೊಬ್ಬರು ಮಂಡಿಯೂರಿ ಕೂತು, ಡ್ರಿಲ್ಲನ್ನು ಎದೆಗಾನಿಸಿಕೊಂಡು ತಗಡು ಕೊರೆಯುತ್ತಿದ್ದಾರೆ. ತಗಡು ಕಿರುಚುತ್ತದೆ, ಕಾದ ಕಬ್ಬಿಣದ ವಾಸನೆ ಏಳುತ್ತದೆ, ಕೊನೆಗೆ ದುಂಡನೆಯ ಬಿಲ್ಲೆಯೊಂದು ಗೋಡೆಯ ಟೊಳ್ಳಿನೊಳಗೆ ಟಣ್ಣೆಂದು ಬೀಳುತ್ತದೆ.

ಅವರು ಅರ ತೆಗೆದುಕೊಂಡು ತೂತಿನ ಅಂಚನ್ನು ಉಜ್ಜುತ್ತಾರೆ, ಊದುತ್ತಾರೆ, ಮತ್ತೆ ಉಜ್ಜುತ್ತಾರೆ. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಅಷ್ಟು ಹೊತ್ತೂ ಹಿಂದೆ ಮರದ ಪೆಟ್ಟಿಗೆಯ ಮೇಲೆ ಕೂತಿದ್ದ ಹೆಂಗಸು ಎದ್ದು ಬರುತ್ತಾರೆ. ಮೈಮೇಲಿನ ಏಪ್ರನ್ನಿಗೆ ಕೈ ಒರೆಸಿಕೊಂಡು, ಬಲಗೈಯ ಉಂಗುರದ ಬೆರಳನ್ನು ತೂತಿಗಿಟ್ಟು, ಕಣ್ಣು ಮುಚ್ಚಿ, ಅಂಚಿನ ಸುತ್ತ ನಿಧಾನವಾಗಿ ತಿರುಗಿಸುತ್ತಾರೆ.

“ಕಾಲರ್ ಹತ್ರ ಚುಚ್ತಾ ಇದೆ,” ಅನ್ನುತ್ತಾರೆ.

“ಉಜ್ಜಿದೀನಲ್ಲೇ.”

“ನೀವು ಉಜ್ಜಿದ್ದು ಎಡತೋಳು. ನಾನು ಹೇಳ್ತಿರೋದು ಕಾಲರ್.”

ಗಂಡ ಗೊಣಗುತ್ತಲೇ ತೂತಿನ ಮೇಲ್ಭಾಗಕ್ಕೆ ಅರ ಹಾಕುತ್ತಾರೆ. ಹೆಂಡತಿ ಮತ್ತೆ ಬೆರಳಿಡುತ್ತಾರೆ. ಈ ಸಲ ತಲೆಯಾಡಿಸಿ, “ಹಾಂ, ಹಾಕಿ” ಎಂದ ಮೇಲೆಯೇ ಕಪ್ಪು ರಬ್ಬರಿನ ಪುಟ್ಟ ಉಂಗುರವೊಂದು ಆ ತೂತಿನಲ್ಲಿ ಕೂರುತ್ತದೆ. ಅದು ಸುತ್ತಲೂ ಸರಿಯಾಗಿ ಕೂತಿತೋ ಇಲ್ಲವೋ ಎಂದು ನೋಡುವುದೂ ಈಕೆಯ ಬೆರಳೇ.

ರಬ್ಬರಿನ ಆ ಉಂಗುರಕ್ಕೆ ಕೆಲಸದವರು ಬುಷ್ ಎನ್ನುತ್ತಾರೆ. ಅದಿಲ್ಲದೆ ಒಂದು ವೈರನ್ನೂ ತಗಡಿನೊಳಕ್ಕೆ ಬಿಡಲಾರೆನೆಂದು ಹಟ ಹಿಡಿದು, ಸರಿಯಾದ ಅಳತೆಯದು ಅಂಗಡಿಯಲ್ಲಿ ಸಿಗಲಿಲ್ಲವೆಂದು ಅರ್ಧಕ್ಕೇ ಕೆಲಸ ನಿಲ್ಲಿಸಿ ಮನೆಗೆ ಹೋದ ಕೀರ್ತಿ ಈ ಗಂಡನದು. ಹಾಗಾಗಿ ಓಣಿಯ ಬಾಯಲ್ಲಿ ಇವರು ಬುಷ್ಷಣ್ಣ. ಹೆಂಡತಿ ಹೊಲಿಗೆ ಅಂಗಡಿಯಲ್ಲಿ ವರ್ಷಗಟ್ಟಲೆ ಅಂಗಿಗಳ ಗುಂಡಿ ತೂತಿಗೆ ದಾರದ ಅಂಚು ಕಟ್ಟಿ ಕಾಜಾ ಹಾಕಿದವರು, ಆದ್ದರಿಂದ ಕಾಜಕ್ಕ. ಅಪ್ಪ ಅಮ್ಮ ಇಟ್ಟ ಹೆಸರುಗಳು ಬೇರೆ ಇವೆ. ಅವುಗಳಿಂದ ಕರೆದರೆ ಇಬ್ಬರೂ ಹಿಂದೆ ತಿರುಗಿ ಇನ್ಯಾರನ್ನೋ ಕರೆದರೇನೋ ಎಂದು ನೋಡುತ್ತಾರೆ.

ತಗಡಿನ ಗೋಡೆಯ ವರ್ಕ್‌ಶಾಪುಗಳಿಗೆ ಸ್ವಿಚ್ಚು, ಪ್ಲಗ್ ಪಾಯಿಂಟು ಕೂರಿಸುವುದು ಬುಷ್ಷಣ್ಣನವರ ಕಸುಬು. ಮನೆಯ ವೈರಿಂಗಿಗೂ ಇದಕ್ಕೂ ಅಜಗಜಾಂತರ. ಇಟ್ಟಿಗೆ ಗೋಡೆ ಕರೆಂಟಿನ ಮಟ್ಟಿಗೆ ಸಾಧು ಪ್ರಾಣಿ; ಒಳಗೆಲ್ಲೋ ವೈರು ಸುಲಿದರೂ ಎಷ್ಟೋ ಸಲ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತದೆ. ತಗಡು ಹಾಗಲ್ಲ, ಅದರಲ್ಲಿ ಗುಟ್ಟು ಉಳಿಯುವುದಿಲ್ಲ. ವರ್ಕ್‌ಶಾಪಿನಲ್ಲಿ ಯಂತ್ರ ನಡುಗುತ್ತದೆ, ಯಂತ್ರದ ಜೊತೆ ನೆಲ ನಡುಗುತ್ತದೆ, ನೆಲದ ಜೊತೆ ಗೋಡೆ. ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಮುಳ್ಳು ಉಳಿದಿದ್ದರೆ ಅದು ದಿನವೂ ಇಷ್ಟಿಷ್ಟೇ ವೈರಿನ ಹೊದಿಕೆಯನ್ನು ಕೊರೆಯುತ್ತದೆ. ಇವತ್ತು ಏನೂ ಆಗುವುದಿಲ್ಲ. ಮುಂದಿನ ವರ್ಷವೂ ಆಗದಿರಬಹುದು. ಒಂದು ದಿನ ತಾಮ್ರ ತಗಡಿಗೆ ತಾಗುತ್ತದೆ, ಆಗ ಯಾರೋ ದಣಿದವರು ಬೆವರಿದ ಬೆನ್ನನ್ನು ಆ ಗೋಡೆಗೆ ಕೊಟ್ಟು ನಿಂತಿರುತ್ತಾರೆ.

ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ವೈರು ಇರುತ್ತದಲ್ಲ ಎಂದು ತಿಳಿದವರು ಕೇಳಬಹುದು. ಬುಷ್ಷಣ್ಣನವರನ್ನು ಬಹಳ ಜನ ಕೇಳಿದ್ದಾರೆ. “ಇರುತ್ತೆ ಸ್ವಾಮೀ, ನಾನೇ ಹಾಕಿರ್ತೀನಿ,” ಅನ್ನುತ್ತಾರೆ ಅವರು. “ಬಣ್ಣದ ಕೆಳಗೆ ಅದು ಸರಿಯಾಗಿ ಕಚ್ಚಿರಬೇಕಲ್ಲ. ನಟ್ಟು ಸಡಿಲ ಆಗಿರಬಾರದಲ್ಲ. ಅರ್ತು ಅನ್ನೋದು ಛತ್ರಿ ಇದ್ದ ಹಾಗೆ. ಮನೇಲಿ ಛತ್ರಿ ಇದೆ ಅಂತ ಸೂರು ಸೋರಲಿ ಅಂತ ಬಿಡ್ತೀವಾ?”

ಈ ಕೆಲಸ ಕಲಿಸಿದವರು ಅವರ ಸೋದರಮಾವ. ಶಾಲೆ ಬಿಟ್ಟ ಅಳಿಯನನ್ನು ಕರೆದುಕೊಂಡು ಬಂದು, ಮೊದಲ ಇಡೀ ವರ್ಷ ಒಂದು ಸ್ವಿಚ್ಚನ್ನೂ ಮುಟ್ಟಲು ಬಿಡದೆ ಬರೀ ತೂತಿನ ಅಂಚು ಉಜ್ಜಿಸಿದರಂತೆ. ಉಜ್ಜಿದ್ದು ಸಾಕಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದರೆ, ಬೆರಳಿನ ತುದಿಯನ್ನು ಹಿಡಿದು ತೂತಿನ ಮೇಲೆ ಇಟ್ಟರಂತೆ. “ಕಣ್ಣು ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ ಅನ್ನೋರು ಮಾವ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅನ್ನೋರು. ನಾನು ಮುತ್ತೇ ಕಟ್ಟಿದೆ. ಅದಕ್ಕೇ ಸ್ವಂತ ಮನೆ ಕಟ್ಟೋಕಾಗಲಿಲ್ಲ,” ಎಂದು ಬುಷ್ಷಣ್ಣ ನಗುತ್ತಾರೆ.

ಮೂವತ್ತೆಂಟು ವರ್ಷ ಅವರು ನಂಬಿದ್ದು ಆ ಬೆರಳನ್ನೇ. ಅದು ಕೈಕೊಟ್ಟ ಕತೆಯನ್ನು ಮಾತ್ರ ಅವರು ಹೇಳುವುದಿಲ್ಲ. ಕೇಳಿದರೆ ಎದ್ದುಹೋಗಿ ಸ್ಕ್ರೂ ಹುಡುಕುತ್ತಾರೆ. ಹೇಳುವುದು ಕಾಜಕ್ಕ.

ಕಳೆದ ವರ್ಷ ಒಂದು ಸಂಜೆ ಬಟ್ಟೆ ನೆನೆಸಲು ಹೋದಾಗ ಗಂಡನ ಅಂಗಿಯ ಜೇಬಿನ ಮೇಲೆ ರಕ್ತದ ಕಲೆ ಕಂಡಿತು. ಒಂದಲ್ಲ, ಬೆರಳಿನ ಅಚ್ಚಿನಂತೆ ನಾಲ್ಕೈದು. ಹೊರಗೆ ಬಂದು ನೋಡಿದರೆ ಗಂಡ ಟೀ ಕುಡಿಯುತ್ತಾ ಕೂತಿದ್ದಾರೆ, ತೋರುಬೆರಳು ಉದ್ದಕ್ಕೆ ಸೀಳಿದೆ. ಏನಾಯಿತು ಎಂದರೆ, ಎಲ್ಲಿ ಏನಾಯಿತು ಎಂದು ತಿರುಗಿ ಕೇಳಿದರು. ತಗಡು ಕುಯ್ದದ್ದು ಅವರಿಗೆ ಗೊತ್ತೇ ಇರಲಿಲ್ಲ.

“ಮದ್ದು ಹಚ್ಚಿ ಬಟ್ಟೆ ಕಟ್ಟಿದೆ. ನನಗೆ ಮನಸ್ಸು ತಡೀಲಿಲ್ಲ,” ಎನ್ನುತ್ತಾರೆ ಕಾಜಕ್ಕ. “ಇವರು ಮಗಳ ಹತ್ರ ಏನೋ ಮಾತಾಡ್ತಾ ಇದ್ರು. ನಾನು ಪಕ್ಕದಲ್ಲಿ ಕೂತು ಇನ್ನೊಂದು ಕೈ ಎತ್ತಿ ಮಡಿಲಲ್ಲಿ ಇಟ್ಕೊಂಡೆ. ಹೊಲಿಗೆ ಸೂಜಿ ತಗೊಂಡು ಬೆರಳಿನ ತುದಿಗೆ ಮೆಲ್ಲಗೆ ಚುಚ್ಚಿದೆ. ಮಾತಾಡ್ತಾನೇ ಇದ್ರು. ಇನ್ನೊಂದು ಬೆರಳಿಗೆ ಚುಚ್ಚಿದೆ. ಆಗಲೂ ಮಾತಾಡ್ತಾನೇ ಇದ್ರು. ಮಗಳು ಅಳೋಕೆ ಶುರು ಮಾಡಿದ ಮೇಲೇನೇ ಇವರು ಕೆಳಗೆ ನೋಡಿದ್ದು.”

ಡಾಕ್ಟರು ಹೇಳಿದ್ದು ಹೊಸದೇನಲ್ಲ. ಎರಡು ವರ್ಷದಿಂದ ಮೈಯಲ್ಲಿದ್ದ ಸಕ್ಕರೆ ಕಾಯಿಲೆ ಬೆರಳ ತುದಿಯ ನರಗಳನ್ನು ತಿಂದಿದೆ; ಹಿಡಿತ ಇರುತ್ತದೆ, ಶಕ್ತಿ ಇರುತ್ತದೆ, ಸ್ಪರ್ಶ ಇರುವುದಿಲ್ಲ. ಮಾತ್ರೆ ಕೊಟ್ಟರು, ಕಾಲು ನೋಡಿಕೊಳ್ಳಿ ಎಂದರು. ಬುಷ್ಷಣ್ಣ ಒಂದೇ ಪ್ರಶ್ನೆ ಕೇಳಿದರಂತೆ: ಇದು ಶುರುವಾಗಿದ್ದು ಯಾವತ್ತು? ಅದನ್ನು ಯಾರೂ ಹೇಳಲಾರರು, ಇಷ್ಟಿಷ್ಟೇ ಬರುವಂಥದ್ದು, ವರ್ಷವೇ ಆಗಿರಬಹುದು, ಹೆಚ್ಚೂ ಆಗಿರಬಹುದು ಎಂದರು ಡಾಕ್ಟರು.

ಮನೆಗೆ ಬಂದವರು ಚೀಲ ಬಾಗಿಲ ಹಿಂದೆ ಇಟ್ಟು ತಲೆಯ ಮೇಲೆ ಕೈ ಹೊತ್ತು ಕೂತರು. ಕೆಲಸಕ್ಕೆ ಕರೆದವರಿಗೆಲ್ಲ ಹುಷಾರಿಲ್ಲ ಎಂದು ಹೇಳಿ ಕಳಿಸಿದರು. ಕೆಲವು ದಿನ ನೋಡಿದ ಕಾಜಕ್ಕ ಒಂದು ಬೆಳಿಗ್ಗೆ ಅದೇ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತರು. “ಕಾಜಾ ಹಾಕೋಳಿಗೆ ಅಂಚು ಗೊತ್ತಾಗಲ್ವಾ? ಬಟ್ಟೆ ಆದ್ರೇನು, ತಗಡು ಆದ್ರೇನು, ತೂತು ತೂತೇ. ದಾರ ಎದ್ದಿದ್ರೆ ಗುಂಡಿ ಸಿಕ್ಕಿಕೊಳ್ಳುತ್ತೆ, ಮುಳ್ಳು ಬಿಟ್ಟಿದ್ರೆ ವೈರು ಹರಿಯುತ್ತೆ. ಏಳಿ ಅಂದೆ,” ಎನ್ನುತ್ತಾರೆ. ಅವರು ಏಳಲಿಲ್ಲವಂತೆ. ಈಕೆ ಹೊರಟೇಬಿಟ್ಟಾಗ, ಚೀಲದಲ್ಲಿ ಟೆಸ್ಟರ್ ಇಲ್ಲ ಎಂದು ಕೂಗಿಕೊಂಡು ಹಿಂದೆ ಓಡಿಬಂದರಂತೆ.

ಹೀಗೆ ಶುರುವಾದದ್ದು ಈ ಜೋಡಿ ಕೆಲಸ. ಒಂದು ಶೆಡ್ಡಿಗೆ ಇಪ್ಪತ್ತು ಇಪ್ಪತ್ತೈದು ತೂತು. ಅವರು ಕೊರೆಯುವುದು, ಉಜ್ಜುವುದು, ಬಾಕ್ಸ್ ಕೂರಿಸುವುದು, ವೈರು ಎಳೆಯುವುದು, ಸ್ವಿಚ್ಚಿಗೆ ಕಟ್ಟುವುದು. ಕಾಜಕ್ಕ ಪ್ರತಿ ತೂತಿಗೂ ಬೆರಳಿಡುವುದು. ಎಡ ಬಲ ಎಂದರೆ ಯಾರ ಎಡ, ಯಾರ ಬಲ ಎಂದು ಜಗಳವಾಗುತ್ತಿತ್ತು. ಆದ್ದರಿಂದ ಪ್ರತಿ ತೂತಿಗೂ ಒಂದು ಅಂಗಿ ತೊಡಿಸಿಬಿಟ್ಟಿದ್ದಾರೆ: ಮೇಲ್ಭಾಗ ಕಾಲರ್, ಕೆಳಭಾಗ ಅಂಚು, ಎರಡು ಬದಿ ಎರಡು ತೋಳು. ಜಗಳ ನಿಂತಿಲ್ಲ, ಈಗ ಅಂಗಿ ಹಾಕಿಕೊಂಡು ನಡೆಯುತ್ತದೆ.

ಆದರೆ ಹೊಸ ಗೋಡೆಗಳ ಚಿಂತೆ ತೀರಿತೆಂದರೆ ಹಳೆಯವುಗಳ ಚಿಂತೆ ತೀರುವುದೆ? ಡಾಕ್ಟರು ಹೇಳಲಾರದ ಆ ದಿನ ಬುಷ್ಷಣ್ಣನವರ ಎದೆಯಲ್ಲಿ ಕೂತುಬಿಟ್ಟಿತ್ತು. ಬೆರಳು ಮಂಕಾದ ಮೇಲೆ, ಗೊತ್ತಾಗುವ ಮೊದಲು, ಎಷ್ಟು ಗೋಡೆ ಮಾಡಿದ್ದೇನೆ? ಎಷ್ಟು ತೂತಿಗೆ ನುಣುಪಾಗಿದೆ ಎಂದು ಬೆರಳು ಸುಳ್ಳು ಹೇಳಿದೆ? ಕೊನೆಗೆ ಅವರೇ ಒಂದು ಗೆರೆ ಎಳೆದುಕೊಂಡರು. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಂದಿನಿಂದ ಮಾಡಿದ ಪ್ರತಿಯೊಂದು ಶೆಡ್ಡನ್ನೂ ತಿರುಗಿ ಬಿಚ್ಚಿ ನೋಡಬೇಕು. ಇವರು ಗೋಡೆಯ ಬಣ್ಣ ನೆನಪಿಸಿಕೊಂಡರು, ಆಕೆ ಯಾವ ದಿನ ಎಷ್ಟು ತಡವಾಗಿ ಮನೆಗೆ ಬಂದರೆಂದು ನೆನಪಿಸಿಕೊಂಡರು. ಇಬ್ಬರ ನೆನಪೂ ಸೇರಿ ಹದಿನಾಲ್ಕು ಶೆಡ್ಡುಗಳಾದವು.

ಬೆರಳಿನ ವಿಷಯ ಬಾಯಿ ಬಿಡಬೇಡಿ ಎಂದವರು ಕಾಜಕ್ಕನೇ. “ಸುಮ್ನೆ ಕಂಪನಿಯವರು ಚೆಕ್ ಮಾಡೋಕೆ ಹೇಳಿದ್ದಾರೆ ಅನ್ನಿ. ಯಾರು ಕೇಳ್ತಾರೆ? ಕೈ ಹೋಗಿದೆ ಅಂದ್ರೆ ನಾಳೆಯಿಂದ ಯಾರು ಕರೀತಾರೆ ಅಂದೆ.” ಬುಷ್ಷಣ್ಣ ಒಪ್ಪಿಕೊಂಡು ಮೊದಲ ಶೆಡ್ಡಿಗೆ ಹೋದರು. ಹೇಳಿಕೊಟ್ಟ ಪಾಠವನ್ನು ಒಪ್ಪಿಸಿದರು. ಅಲ್ಲಿನ ಮರಗೆಲಸದವರು, “ಯಾವ ಕಂಪನಿ ಬುಷ್ಷಣ್ಣ? ನೀವೇ ಅಲ್ವಾ ಕಂಪನಿ?” ಎಂದು ಕೇಳಿದ್ದಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇವರು ಎರಡೂ ಕೈ ಮುಂದೆ ಚಾಚಿ ಸೂಜಿಯಿಂದ ಡಾಕ್ಟರವರೆಗೆ ಎಲ್ಲ ಹೇಳಿಬಿಟ್ಟರು. “ನನ್ನ ಗಂಡನಿಗೆ ಸುಳ್ಳು ಹೇಳೋಕೂ ಬರಲ್ಲ, ಹೇಳಿಕೊಟ್ಟರೆ ಕಲಿಯೋಕೂ ಬರಲ್ಲ,” ಎಂದು ಕಾಜಕ್ಕ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಆಮೇಲೆ ಎಲ್ಲ ಕಡೆಯೂ ನಿಜವನ್ನೇ ಹೇಳಿದರು. ಕೆಲವರು ಟೀ ತರಿಸಿದರು. ಕೆಲವರು ಸುಮ್ಮನಿದ್ದ ಗೋಡೆ ಯಾಕೆ ಕೆದಕುತ್ತೀರಿ ಎಂದು ಮುಖ ಗಂಟಿಕ್ಕಿದರು. ವರ್ಷಗಳಿಂದ ಇವರನ್ನೇ ಕರೆಯುತ್ತಿದ್ದ ಲೇತ್ ಯಂತ್ರದ ಶೆಡ್ಡಿನವರು ತೋಳು ಸವರಿ ಸಮಾಧಾನ ಹೇಳಿ, ಮುಂದಿನ ತಿಂಗಳ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಆ ಮಾತು ಬಂದಾಗ ಬುಷ್ಷಣ್ಣ ಅರಕ್ಕೆ ಅಂಟಿದ ಧೂಳು ಊದುತ್ತಾರೆ. “ಅವರದ್ದೇನೂ ತಪ್ಪಿಲ್ಲ. ಅವರ ಜಾಗದಲ್ಲಿ ಇದ್ದಿದ್ರೆ ನಾನೂ ಹಾಗೇ ಮಾಡ್ತಿದ್ನೋ ಏನೋ,” ಎನ್ನುತ್ತಾರೆ. ಹದಿಮೂರು ಶೆಡ್ಡುಗಳು ಮುಗಿದವು. ಅಲ್ಲೊಂದು ಇಲ್ಲೊಂದು ಬುಷ್ ಸಡಿಲವಾಗಿದ್ದದ್ದು ಬಿಟ್ಟರೆ ಹೆಚ್ಚಿನ ದೋಷ ಕಾಣಲಿಲ್ಲ. ಉಳಿದದ್ದು ಒಂದೇ.

ಆ ಒಂದು ಎಂದರೆ ಓಣಿಯ ಕೊನೆಯ ಪ್ರೆಸ್ ಶೆಡ್ಡು. ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ಜಾಗ. ಬೇರೆಲ್ಲ ಯಂತ್ರಗಳು ನಡುಗುತ್ತವೆ, ಪ್ರೆಸ್ಸು ಗುದ್ದುತ್ತದೆ. ಹೊರಗೆ ನಿಂತವರ ಕಾಲಡಿಯ ನೆಲವೂ ಅದುರುತ್ತದೆ. ಕೆಲಸ ಮಾಡುವವರೆಲ್ಲ ಹೆಂಗಸರು. ನಡೆಸುವವರೂ ಹೆಂಗಸೇ, ಗಂಡ ತೀರಿಕೊಂಡ ಮೇಲೆ ಹಲ್ಲು ಕಚ್ಚಿ ಶೆಡ್ಡು ಉಳಿಸಿಕೊಂಡವರು. ಯಂತ್ರ ನಿಲ್ಲಿಸಿ ಎಂದರೆ ಅವರಿಗೆ ಉಸಿರು ನಿಲ್ಲಿಸಿ ಎಂದಂತೆ. ಈ ವಾರ ಆಗಲ್ಲ, ಮುಂದಿನ ವಾರ ನೋಡೋಣ ಎಂದು ದೂಡುತ್ತಾ ಬಂದರು. ಬುಷ್ಷಣ್ಣ ದಿನವೂ ಸುತ್ತು ಬಳಸಿ ಆ ಶೆಡ್ಡಿನ ಮುಂದೆಯೇ ಮನೆಗೆ ಹೋಗತೊಡಗಿದರು. ಊಟ ಸೇರಲಿಲ್ಲ. ಮಧ್ಯಾಹ್ನ ಅಲ್ಲಿನ ಹೆಂಗಸರು ಸಾಲಾಗಿ ಕೂತು, ಗೋಡೆಗೆ ಒರಗಿ ಬುತ್ತಿ ಬಿಚ್ಚುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಕೊನೆಗೆ ಯಜಮಾನಿ ಒಪ್ಪಿದ್ದು ಮೊನ್ನೆ. ಒಪ್ಪಿಸಿದ್ದು ಕಾಜಕ್ಕ, ಗಂಡನಿಗೆ ಒಂದು ಮಾತೂ ಹೇಳದೆ.

“ಊಟದ ಹೊತ್ತಿಗೆ ನನ್ನ ಬುತ್ತಿ ತಗೊಂಡು ಹೋದೆ,” ಎಂದು ಅವರು ಏನೂ ಆಗಿಲ್ಲವೆಂಬಂತೆ ಹೇಳುತ್ತಾರೆ. “ಆ ಹೆಂಗಸರ ಸಾಲಲ್ಲಿ ಕೂತು, ಗೋಡೆಗೆ ಒರಗಿ ತಿನ್ನೋಕೆ ಶುರು ಮಾಡಿದೆ. ಯಜಮಾನಿ ಬಂದು ಇದೇನಮ್ಮಾ ಅಂದ್ರು. ಇವರಿಗೆ ಏನಾಗುತ್ತೋ ಅದು ನನಗೂ ಆಗಲಿ, ನೀವು ಯಂತ್ರ ನಿಲ್ಲಿಸೋವರೆಗೂ ನನ್ನ ಊಟ ಇಲ್ಲೇ ಅಂದೆ. ಎರಡು ದಿನ ಹೋದೆ. ಮೂರನೇ ದಿನ ಅವರೇ, ನಾಡಿದ್ದು ಬನ್ನಿ ಅಂದ್ರು.”

ಸಂಜೆ ಈ ಸುದ್ದಿ ತಂದಾಗ ಗಂಡ ಹಿಗ್ಗುತ್ತಾರೆ ಎಂದುಕೊಂಡಿದ್ದರು. ಮದುವೆಯಾದಾಗಿನಿಂದ ಏರುದನಿಯಲ್ಲಿ ಮಾತಾಡದ ಮನುಷ್ಯ ಅಂದು ಕೂಗಾಡಿದರಂತೆ. ಆ ಗೋಡೆಗೆ ಹೋಗಿ ಬೆನ್ನು ಕೊಟ್ಟೆಯಾ, ನಿನಗೆ ಬುದ್ಧಿ ಇದೆಯಾ ಎಂದು ಕೂಗಿ, ಆಮೇಲೆ ತಟ್ಟೆಯ ಮುಂದೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತರಂತೆ. ಇದನ್ನು ಹೇಳುವಾಗ ಕಾಜಕ್ಕನ ದನಿ ಇಳಿಯುತ್ತದೆ, ಮುಖದಲ್ಲಿ ಮಾತ್ರ ಸಣ್ಣ ನಗೆ ಇದೆ.

ಹೊಸ ಶೆಡ್ಡಿನ ಬೆಳಗಿನ ಕೆಲಸ ಮುಗಿಸಿ ಇಬ್ಬರೂ ಇವತ್ತು ಮಧ್ಯಾಹ್ನ ಹೊರಟಿರುವುದು ಅಲ್ಲಿಗೇ. ಪ್ರೆಸ್ ಶೆಡ್ಡಿನ ಬಾಗಿಲಲ್ಲಿ ಯಜಮಾನಿ ಕಾಯುತ್ತಿದ್ದಾರೆ. “ಊಟದ ಹೊತ್ತು ಮುಗಿಯೋದ್ರೊಳಗೆ ಆಗಬೇಕು ಬುಷ್ಷಣ್ಣ, ಆಮೇಲೆ ನಾನು ಕೇಳಲ್ಲ,” ಎಂದು ಹೇಳಿ ತಾವೇ ಮೇನ್ ಸ್ವಿಚ್ ಎಳೆಯುತ್ತಾರೆ. ಗುದ್ದು ನಿಲ್ಲುತ್ತದೆ. ಹೆಂಗಸರು ಬುತ್ತಿಗಳನ್ನು ಹಿಡಿದು, ಇವತ್ತು ಎಲ್ಲಿ ಕೂರುವುದೆಂದು ತಿಳಿಯದೆ ಶೆಡ್ಡಿನ ನಡುವೆ ನಿಲ್ಲುತ್ತಾರೆ.

ಬೂದು ಬಣ್ಣದ ಗೋಡೆ. ಬುಷ್ಷಣ್ಣ ಟೆಸ್ಟರ್ ಹಿಡಿದು ಕರೆಂಟು ಇಲ್ಲವೆಂದು ಖಚಿತ ಮಾಡಿಕೊಂಡು ಒಂದೊಂದೇ ಪ್ಲಗ್ ಪಾಯಿಂಟಿನ ಮುಚ್ಚಳ ಬಿಚ್ಚುತ್ತಾ ಹೋಗುತ್ತಾರೆ. ಹಿಂದೆ ಹಿಂದೆಯೇ ಕಾಜಕ್ಕನ ಬೆರಳು. “ಇದು ಸರಿ ಇದೆ.” “ಇದೂ ಸರಿ ಇದೆ.” “ಇದಕ್ಕೆ ಅಂಚಿನ ಹತ್ರ ಸ್ವಲ್ಪ ಸಡಿಲ, ಹೊಸದು ಹಾಕಿ.” ಯಜಮಾನಿ ಗಡಿಯಾರ ನೋಡುತ್ತಾರೆ. ಬಾಗಿಲ ಕಡೆಯ ಗೋಡೆ ಮುಗಿಯುತ್ತದೆ, ಯಂತ್ರಗಳ ಹಿಂದಿನದೂ ಮುಗಿಯುತ್ತದೆ.

ನೀರಿನ ಡ್ರಮ್ಮಿನ ಪಕ್ಕದ ಬಾಕ್ಸಿನಲ್ಲಿ ಕಾಜಕ್ಕ ಬೆರಳಿಡುತ್ತಾರೆ. ಬೆರಳನ್ನು ಹಿಂದಕ್ಕೆ ತೆಗೆದು, ಮತ್ತೆ ಇಟ್ಟು ನೋಡುತ್ತಾರೆ. ಆಮೇಲೆ, “ರೀ, ಇಲ್ಲಿ ಬುಷ್ಷೇ ಇಲ್ಲ,” ಎನ್ನುತ್ತಾರೆ.

ಬುಷ್ಷಣ್ಣ ಟಾರ್ಚ್ ಬೆಳಕು ಬಿಡುತ್ತಾರೆ. ಬುಷ್ ಇದೆ, ಆದರೆ ತೂತಿನಲ್ಲಿಲ್ಲ. ಸುತ್ತಲೂ ಕಚ್ಚಿ ಕೂರಬೇಕಾಗಿದ್ದದ್ದು ಅರ್ಧವೇ ಕೂತಿತ್ತು. ಪ್ರೆಸ್ಸಿನ ಗುದ್ದಿಗೆ ಕಳಚಿ, ಒಳಗೆ ವೈರಿನ ಮೇಲೆ ಮುಂಗೈಯ ಬಳೆಯ ಹಾಗೆ ಜಾರಿ ನಿಂತಿದೆ. ತೂತಿನ ಬರಿಯ ಅಂಚು ವೈರನ್ನು ಕಚ್ಚಿದೆ. ಕೆಂಪು ಹೊದಿಕೆ ಸೀಳಿದ ಜಾಗದಲ್ಲಿ ತಾಮ್ರ ಹೊಳೆಯುತ್ತಿದೆ. ಅಂಚು ಒತ್ತಿದ ಕಡೆ ತಾಮ್ರಕ್ಕೂ ತಗಡಿಗೂ ನಡುವೆ ಉಳಿದಿರುವುದು ಉಗುರಿನಷ್ಟು ತೆಳುವಾದ ಹೊದಿಕೆ. ಹಿಂದೆ ಕೈ ಹಾಕಿ ಅರ್ತ್ ವೈರಿನ ನಟ್ಟನ್ನು ತಿರುಗಿಸಿ ನೋಡಿದರೆ ಅದೂ ಬೆರಳಲ್ಲೇ ತಿರುಗುವಷ್ಟು ಸಡಿಲ.

ಬುಷ್ಷಣ್ಣ ಟಾರ್ಚನ್ನು ಗೋಡೆಯ ಬುಡಕ್ಕೆ, ಹೆಂಗಸರು ಕೂರುವ ಜಾಗಕ್ಕೆ ತಿರುಗಿಸುತ್ತಾರೆ.

“ಮೊನ್ನೆ ನೀನು ಎಲ್ಲಿ ಕೂತಿದ್ದೆ?” ಎಂದು ಹೆಂಡತಿಯನ್ನು ಕೇಳುತ್ತಾರೆ.

ಕಾಜಕ್ಕ ಡ್ರಮ್ಮಿನ ಪಕ್ಕದ ನೆಲ ತೋರಿಸಿ, “ಇಲ್ಲೇ,” ಎನ್ನುತ್ತಾರೆ.

ಯಜಮಾನಿ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಎಲೆಕ್ಟ್ರಿಕ್ ಕೆಲಸ ತಿಳಿಯದವರಿಗೂ ತಿಳಿಯುವ ನೋಟ ಅದು. “ಇದು ಯಾರು ಮಾಡಿದ್ದು?” ಎಂದು ಅವರ ಬಾಯಿಂದ ಬಂದುಬಿಡುತ್ತದೆ, ಯಾರು ಮಾಡಿದ್ದೆಂದು ಗೊತ್ತಿದ್ದೂ.

“ನಾನೇ ಅಮ್ಮಾ,” ಎನ್ನುತ್ತಾರೆ ಬುಷ್ಷಣ್ಣ. “ನನ್ನ ಕೈಯದೇ. ಬೆರಳಿಗೆ ಗೊತ್ತಾಗಲಿಲ್ಲ. ಗೊತ್ತಾಗ್ತಿಲ್ಲ ಅನ್ನೋದೂ ನನಗೆ ಗೊತ್ತಾಗಲಿಲ್ಲ.”

ಯಜಮಾನಿಗೆ ಕೋಪ ಬರುತ್ತದೆ, ಬರಬೇಕಾದದ್ದೇ. ನಿಮ್ಮನ್ನು ನಂಬಿ ಇಷ್ಟು ಜನರನ್ನು ಈ ಗೋಡೆಗೆ ಕೂರಿಸಿದ್ದೆನಲ್ಲ ಎನ್ನುತ್ತಾರೆ. ಬುಷ್ಷಣ್ಣ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ನೀವೇ ಅಲ್ಲವೇ ಇಷ್ಟು ವಾರ ದೂಡಿದ್ದು ಎಂಬ ಮಾತು ಕಾಜಕ್ಕನ ಗಂಟಲವರೆಗೆ ಬಂದದ್ದು ಕಾಣುತ್ತದೆ. ಗಂಡನ ಮುಖ ನೋಡಿ ಅದನ್ನು ನುಂಗಿಕೊಳ್ಳುತ್ತಾರೆ. ಅಷ್ಟರಲ್ಲಿ ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯ ಕೆಲಸಗಾರ್ತಿ ಬುತ್ತಿ ಹಿಡಿದುಕೊಂಡೇ ಮುಂದೆ ಬರುತ್ತಾರೆ.

“ಬೈಯೋದು ಆಮೇಲೆ ಬೈಯಿರಮ್ಮ,” ಎಂದು ಯಜಮಾನಿಗೆ ಹೇಳಿ, ಬುಷ್ಷಣ್ಣನವರ ಕಡೆ ತಿರುಗುತ್ತಾರೆ. “ತಪ್ಪು ಮಾಡಿದೋರು ತಾವಾಗೇ ಬಂದು ಗೋಡೆ ಬಿಚ್ಚಿದ್ದು ನಾನು ಕಂಡಿಲ್ಲಪ್ಪ. ಸರಿ ಮಾಡು. ನಮಗೆ ಹೊಟ್ಟೆ ಹಸೀತಾ ಇದೆ.”

ಬುಷ್ಷಣ್ಣ ಸರಿ ಮಾಡುತ್ತಾರೆ. ಕಚ್ಚಿದ ವೈರನ್ನು ಪೂರ್ತಿ ಎಳೆದು ಹಾಕಿ ಹೊಸದನ್ನು ತರುತ್ತಾರೆ. ತೂತಿಗೆ ಅರ ಹಾಕಿ ಪಕ್ಕಕ್ಕೆ ಸರಿಯುತ್ತಾರೆ. ಕಾಜಕ್ಕ ಬೆರಳಿಟ್ಟು, “ಬಲತೋಳು,” ಎನ್ನುತ್ತಾರೆ. ಅವರು ಬಲತೋಳು ಉಜ್ಜುತ್ತಾರೆ. ಬುಷ್ ಕೂರುತ್ತದೆ, ಆಕೆಯ ಬೆರಳು ಅದರ ಸುತ್ತ ಒಂದಲ್ಲ, ಮೂರು ಸಲ ಸುತ್ತುತ್ತದೆ. ಅರ್ತ್ ವೈರಿನ ಕೆಳಗಿನ ಬಣ್ಣ ಕೆರೆದು, ಹೊಳೆಯುವ ತಗಡಿಗೆ ನಟ್ಟು ಬಿಗಿಯುತ್ತಾರೆ. ಉಳಿದ ಬಾಕ್ಸುಗಳನ್ನೂ ಬಿಡದೆ ನೋಡಿ ಮುಗಿಸುತ್ತಾರೆ. ಊಟದ ಹೊತ್ತು ಯಾವಾಗಲೋ ಮುಗಿದಿದೆ. ಯಜಮಾನಿ ಈಗ ಗಡಿಯಾರದ ಕಡೆ ನೋಡುತ್ತಿಲ್ಲ. ಬಾಗಿಲ ಬೆಳಕು ತಲುಪದ ಮೂಲೆಯಲ್ಲಿ ಟಾರ್ಚ್ ಹಿಡಿದವರು ಅವರೇ.

ಮೇನ್ ಸ್ವಿಚ್ ಎತ್ತಿ ಕರೆಂಟು ಬಿಟ್ಟ ಮೇಲೆ ಬುಷ್ಷಣ್ಣ ಮೀಟರು ಇಟ್ಟು ಗೋಡೆಯ ಒಂದೊಂದು ಹಲಗೆಯನ್ನೂ ಅಳೆಯುತ್ತಾರೆ. ಎಲ್ಲೂ ಏನೂ ಇಲ್ಲ. ಮೀಟರು ಹೇಳಿದ ಮೇಲೆ ತಾನು ಒಮ್ಮೆ ಅಂಗೈಯ ಹಿಂಭಾಗದಿಂದ ಗೋಡೆ ಮುಟ್ಟಿಯೇ ಕೆಲಸ ಒಪ್ಪಿಸುವುದು ಮಾವನ ಕಾಲದ ರೂಢಿ. ಬುಷ್ಷಣ್ಣ ಕೈ ಚಾಚುತ್ತಾರೆ. ಕಾಜಕ್ಕ ಆ ಕೈಯನ್ನು ಅರ್ಧದಲ್ಲೇ ಹಿಡಿಯುತ್ತಾರೆ.

“ಈ ಕೈಗೆ ಏನು ಗೊತ್ತಾಗುತ್ತೆ? ನಾನು ಮುಟ್ತೀನಿ ಬಿಡಿ.”

“ಬೇಡ. ತೂತಿಗೆ ಬೆರಳಿಡು, ಬೇಡ ಅನ್ನಲ್ಲ. ಮೊದಲು ಮುಟ್ಟೋದು ನಾನೇ.”

“ಮತ್ತೆ ಹೇಗೆ ಗೊತ್ತಾಗೋದು?”

ಬುಷ್ಷಣ್ಣ ಒಂದು ಗಳಿಗೆ ಯೋಚಿಸುತ್ತಾರೆ. ಆಮೇಲೆ ಚಪ್ಪಲಿ ಬಿಟ್ಟು, ಬೆವರಿಗೆ ಅಂಟಿದ ಅಂಗಿಯನ್ನು ಬೆನ್ನಿನ ಮೇಲಕ್ಕೆ ಎತ್ತಿಕೊಂಡು, ನೀರಿನ ಡ್ರಮ್ಮಿನ ಪಕ್ಕದ ಆ ಗೋಡೆಗೆ ಬರಿಮೈ ಒತ್ತಿ ನೆಲದ ಮೇಲೆ ಕೂತುಬಿಡುತ್ತಾರೆ. “ಬೆನ್ನಿಗೆ ಇನ್ನೂ ಶುಗರ್ ಬಂದಿಲ್ಲ ಕಣೇ,” ಎನ್ನುತ್ತಾರೆ. ಹೆಂಗಸರು ಗೊಳ್ಳೆಂದು ನಗುತ್ತಾರೆ. ಕಾಜಕ್ಕ ನಗುವುದಿಲ್ಲ. ಗಂಡನ ಮುಖವನ್ನೇ ನೋಡುತ್ತಾ ನಿಂತಿದ್ದು, ಆ ಮುಖ ನಿರಾಳವಾದದ್ದು ಕಂಡ ಮೇಲೆ ಕಣ್ಣೊರೆಸಿಕೊಂಡು, ತಾವೂ ಪಕ್ಕದಲ್ಲಿ ಕೂತು ಗೋಡೆಗೆ ಒರಗುತ್ತಾರೆ. ಆಮೇಲೆ ದೊಡ್ಡಮ್ಮ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಬುತ್ತಿಗಳು ಬಿಚ್ಚಿಕೊಳ್ಳುತ್ತವೆ. ಯಜಮಾನಿ ಮುಂದಿನ ಕೆಲಸದ ಮಾತೇನೂ ಆಡುವುದಿಲ್ಲ. ತಮ್ಮ ಬುತ್ತಿಯನ್ನು ತಂದು ಇವರಿಬ್ಬರ ಮುಂದೆ ಇಡುತ್ತಾರೆ, ಪ್ರೆಸ್ಸನ್ನು ಮತ್ತೆ ಶುರು ಮಾಡಲು ಅವಸರ ಮಾಡುವುದಿಲ್ಲ.

ತೆರೆಮರೆಯ ಸಾಧಕರನ್ನು ಎಲೆಮರೆಯ ಕಾಯಿ ಎಂದು ಹೊಗಳುವುದು ಪತ್ರಿಕೆಗಳ ಪದ್ಧತಿ. ಬುಷ್ಷಣ್ಣನವರಿಗೆ ಆ ಮಾತು ಹೇಳಿದರೆ ಮುಜುಗರಪಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಾರೆ. ಇವತ್ತು ಸಿಕ್ಕ ಆ ಒಂದು ತೂತಿನ ಭಾರ ಅವರ ದನಿಯಲ್ಲಿ ಇನ್ನೂ ಇದೆ, ಬಹುಕಾಲ ಇರುತ್ತದೆ. ಇನ್ನೇನು ಆಸೆ ಇದೆ ಎಂದು ಕೇಳಿದರೆ, ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, ಸಾಲಾಗಿ ಒರಗಿ ಕೂತು ಹರಟುತ್ತಿರುವ ಹೆಂಗಸರ ಕಡೆ ನೋಡುತ್ತಾರೆ.

“ದೊಡ್ಡ ಆಸೆ ಏನಿಲ್ಲ. ದಣಿದು ಬಂದೋರು ಗೋಡೆಗೆ ಒರಗಿದಾಗ ಅವರಿಗೆ ನನ್ನ ನೆನಪು ಬರಬಾರದು. ಅಷ್ಟೇ.”

ಕಾಜಕ್ಕ ಬಾಯಲ್ಲಿದ್ದದ್ದನ್ನು ನುಂಗಿ ತಿದ್ದುತ್ತಾರೆ: “ನಮ್ಮಿಬ್ಬರದೂ ಅನ್ನಿ. ಅರ್ಧ ಕೆಲಸ ನಂದು.”